ಮಕ್ಕಳ ದೂರಿಗೆ ವಿಜ್ಞಾನಿಯ ಸಾಕ್ಷಿ



ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟವನ್ನು ನಿಮ್ಮಲ್ಲಿ ಹಲವರು ಹತ್ತಿರಬಹುದು. ಗುಹೆಯೊಳಗಿನ ಸಿದ್ಧೇಶ್ವರನ ದರ್ಶನಕ್ಕೆ ಬರುವವರು ಕೆಲವರು, ಗಿಡಮೂಲಿಕೆ ಹುಡುಕಿಕೊಂಡು ಬರುವವರು ಕೆಲವರು. ಈ ಬೆಟ್ಟದ ಸುತ್ತಿನ ಸೀಮೆ, ಅಂದರೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳು, ಮಳೆಯನ್ನು ಲೆಕ್ಕ ಹಾಕಿ ಬದುಕುವ ಸೀಮೆ. ಪಾವಗಡದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 600 ಮಿಲಿಮೀಟರ್. ಆಗುಂಬೆಯಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ಇಲ್ಲಿ ಬೀಳಬೇಕಾದರೆ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಬಿದ್ದ ನೀರು ಭೂಮಿಗೆ ಇಳಿಯುವ ಮೊದಲೇ ಹೆಚ್ಚು ಪಾಲು ಆವಿಯಾಗುತ್ತದೆ. ಕೊಳವೆ ಬಾವಿಯ ಆಳಕ್ಕೆ ಹೋದರೆ ಫ್ಲೋರೈಡ್ ಬೆರೆತ ನೀರು ಸಿಗುತ್ತದೆ.

ಇಂಥ ಸೀಮೆಯಲ್ಲಿ ಹದಿನೈದು, ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬಳು ಗ್ರಾಮಸಭೆಯಲ್ಲಿ ಎದ್ದು ನಿಂತು, "ವಾಯುಗುಣ ಬದಲಾಗುತ್ತಿದೆ, ನಮ್ಮ ಕೆರೆಗಳ ವಿಚಾರದಲ್ಲಿ ಪಂಚಾಯಿತಿ ಏನು ಮಾಡುತ್ತಿದೆ?" ಎಂದು ಕೇಳಿದಳೆಂದು ಇಟ್ಟುಕೊಳ್ಳೋಣ. ಅವಳಿಗೆ ಸಿಗುವ ಉತ್ತರವನ್ನು ನೀವೇ ಊಹಿಸಬಲ್ಲಿರಿ. "ಮೊದಲು ಓದಿ ಪಾಸಾಗಮ್ಮ, ಇದೆಲ್ಲ ದೊಡ್ಡವರ ವಿಷಯ." ಉತ್ತರ ಒರಟಾದುದೇನಲ್ಲ, ಪ್ರೀತಿಯಿಂದಲೇ ಬಂದಿರಬಹುದು. ಆದರೂ ಅದು ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ. ಆಗ ವಿಷಯ ಬಲ್ಲ ಒಬ್ಬ ವಿಜ್ಞಾನಿ ಎದ್ದು, "ಈ ಹುಡುಗಿ ಕೇಳುತ್ತಿರುವುದು ಸರಿಯಾದ ಪ್ರಶ್ನೆ, ಅದಕ್ಕೆ ಆಧಾರ ಇಲ್ಲಿದೆ" ಎಂದರೆ ಸಭೆಯ ಧಾಟಿ ಬದಲಾಗುವುದೇ? ಹಾಗೆ ಹೇಳುವುದು ವಿಜ್ಞಾನಿಯ ಕೆಲಸವೇ? ಹೇಳಬೇಕಾದರೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು? ಪರದೆಯ ಮೇಲಿನ ಚರ್ಚೆಗೆ ಇರುವ ಅಲ್ಪ ಕಾಲದಲ್ಲಿ ಇಷ್ಟನ್ನು ಬಿಡಿಸಿ ಹೇಳುವುದು ಕಷ್ಟ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಪದದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆಗಳಲ್ಲಿ 'ಹವಾಮಾನ ಬದಲಾವಣೆ' ಎಂಬ ಮಾತು ರೂಢಿಯಾಗಿದೆ. ನಿಮ್ಮ ಭೂಗೋಳದ ಪಾಠದಲ್ಲಿ ಮಾತ್ರ ಹವಾಮಾನ ಬೇರೆ, ವಾಯುಗುಣ ಬೇರೆ. ಇವತ್ತು ಮಧ್ಯಾಹ್ನ ಮೋಡ ಕವಿದಿರುವುದು ಹವಾಮಾನ. ಮೂವತ್ತು ವರ್ಷಗಳ ಲೆಕ್ಕದಲ್ಲಿ ಒಂದು ಊರಿನ ಬಿಸಿಲು, ಮಳೆ, ಗಾಳಿಗಳ ಒಟ್ಟು ಸ್ವಭಾವ ವಾಯುಗುಣ. ಈ ಲೇಖನದ ಅರ್ಧ ತಿರುಳು ಈ ವ್ಯತ್ಯಾಸದಲ್ಲೇ ಅಡಗಿರುವುದರಿಂದ ನಾನು ಪಾಠದ ಪದವನ್ನೇ ಬಳಸುತ್ತೇನೆ.

ಬರ್ಲಿನ್ನಿನಲ್ಲಿ ನಡೆದದ್ದು

2018ರ ಆಗಸ್ಟ್ 20ರಂದು ಸ್ವೀಡನ್ನಿನ ಗ್ರೇಟಾ ಥುನ್‌ಬರ್ಗ್ ಎಂಬ 15 ವರ್ಷದ ಹುಡುಗಿ ಶಾಲೆಗೆ ಹೋಗದೆ ಸಂಸತ್ ಭವನದ ಎದುರು ಫಲಕ ಹಿಡಿದು ಕುಳಿತಳು. ಮುಂದಿನ ಏಳು ತಿಂಗಳಲ್ಲಿ ಇದು ಹಲವು ದೇಶಗಳಿಗೆ ಹಬ್ಬಿ, 2019ರ ಮಾರ್ಚ್ 15ರ ಶುಕ್ರವಾರ ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಬೀದಿಗೆ ಬಂದರು. ಈ ಸುದ್ದಿ ನಿಮಗೆ ಗೊತ್ತಿರುತ್ತದೆ. ಅಷ್ಟಾಗಿ ಗೊತ್ತಿಲ್ಲದ ಸಂಗತಿ, ಆ ಶುಕ್ರವಾರಕ್ಕೆ ಮೂರು ದಿನ ಮೊದಲು ಬರ್ಲಿನ್ನಿನಲ್ಲಿ ನಡೆದ ಒಂದು ಪತ್ರಿಕಾಗೋಷ್ಠಿ.

ಜರ್ಮನಿಯ ರಾಜಕೀಯ ಪಕ್ಷವೊಂದರ ನಾಯಕ ಕ್ರಿಸ್ಟಿಯಾನ್ ಲಿಂಡ್ನರ್ ಅದೇ ವಾರ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟಿದ್ದರು. ಜಾಗತಿಕ ಸಂಬಂಧಗಳ ಜಟಿಲತೆಯೆಲ್ಲ ಮಕ್ಕಳಿಗೆ ಅರ್ಥವಾಗಲಿ ಎಂದು ನಿರೀಕ್ಷಿಸಲಾಗದು, ಇದು ಪರಿಣತರು ನೋಡಿಕೊಳ್ಳುವ ವಿಷಯ ಎಂಬುದು ಅವರ ಮಾತಿನ ಸಾರಾಂಶ. ನಮ್ಮ ಗ್ರಾಮಸಭೆಯ ಉತ್ತರವೇ, ಭಾಷೆ ಮಾತ್ರ ಜರ್ಮನ್! ಮಾರ್ಚ್ 12ರಂದು ಪರಿಣತರೇ ಎದುರಿಗೆ ಬಂದು ಕುಳಿತರು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳ ವಿಜ್ಞಾನಿಗಳು ಸೇರಿ ಹೊರಡಿಸಿದ ಹೇಳಿಕೆಯೊಂದನ್ನು ಅಲ್ಲಿ ಮಂಡಿಸಲಾಯಿತು. ಸೌರಶಕ್ತಿ ತಜ್ಞ ಫೋಲ್ಕರ್ ಕ್ವಾಶ್ನಿಂಗ್ ಅವರು, ಪರಿಣತರು ನಾವೇ, ಈ ಮಕ್ಕಳು ಹೇಳುತ್ತಿರುವುದು ಸರಿ ಎಂದು ನಾವು ಹೇಳುತ್ತಿದ್ದೇವೆ ಎಂಬರ್ಥದ ಮಾತಾಡಿದರು. ಕೊನೆಗೆ ಆ ಹೇಳಿಕೆಗೆ 26,800ಕ್ಕೂ ಹೆಚ್ಚು ವಿಜ್ಞಾನಿಗಳ, ಸಂಶೋಧಕರ ಸಹಿ ಬಿತ್ತು. ಏಪ್ರಿಲ್ 12ರಂದು 'ಸೈನ್ಸ್' ಪತ್ರಿಕೆಯಲ್ಲಿ ಹಲವು ದೇಶಗಳ ವಿಜ್ಞಾನಿಗಳ ಪತ್ರ ಪ್ರಕಟವಾಯಿತು. ಪ್ರತಿಭಟಿಸುವ ಯುವಜನರ ಆತಂಕಕ್ಕೆ ತಕ್ಕ ಆಧಾರವಿದೆ ಎಂಬುದೇ ಅದರ ತಲೆಬರಹದ ಭಾವ.

ಈ ವಿಜ್ಞಾನಿಗಳು ಮಾಡಿದ್ದು ಏನು, ಮಾಡದೆ ಬಿಟ್ಟದ್ದು ಏನು, ಗಮನಿಸಿ. ಮಕ್ಕಳ ಸಂಘಕ್ಕೆ ಅವರು ಅಧ್ಯಕ್ಷರಾಗಲಿಲ್ಲ. ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ಹೇಳಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವವನಂತೆ ತಮಗೆ ತಿಳಿದದ್ದನ್ನು ಹೇಳಿದರು: ಭೂಮಿ ಬಿಸಿಯಾಗುತ್ತಿದೆ, ಕಾರಣ ಮನುಷ್ಯ, ಈಗ ಕೈಗೊಂಡಿರುವ ಕ್ರಮಗಳು ಸಾಲವು. ಸಾಕ್ಷಿ ಎಂಬ ಪದ ಇಲ್ಲಿ ಬರಿಯ ಉಪಮೆಯೂ ಅಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 16 ಮಕ್ಕಳು ಮತ್ತು ಯುವಜನರು 2020ರಲ್ಲಿ ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿದರು. 2023ರ ಜೂನಿನಲ್ಲಿ ವಿಚಾರಣೆ ನಡೆದಾಗ ಅರಣ್ಯ ಹಾಗೂ ವಾಯುಗುಣ ವಿಜ್ಞಾನಿ ಸ್ಟೀವನ್ ರನ್ನಿಂಗ್ ಮೊದಲಾದವರು ಕಟಕಟೆಯಲ್ಲಿ ನಿಂತು ಇಂಗಾಲದ ಡೈ ಆಕ್ಸೈಡಿನ ಲೆಕ್ಕವನ್ನು ನ್ಯಾಯಾಧೀಶರಿಗೆ ವಿವರಿಸಿದರು. ಆಗಸ್ಟ್ 14ರಂದು ತೀರ್ಪು ಮಕ್ಕಳ ಪರವಾಗಿ ಬಂತು. 2024ರ ಡಿಸೆಂಬರಿನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ 2017ರಲ್ಲಿ ಉತ್ತರಾಖಂಡದ ಒಂಬತ್ತು ವರ್ಷದ ರಿಧಿಮಾ ಪಾಂಡೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದಳು. ಅದು 2019ರಲ್ಲಿ ವಜಾ ಆಯಿತು. ಎಲ್ಲ ಅರ್ಜಿಗಳೂ ಗೆಲ್ಲುವುದಿಲ್ಲ. ಆದರೂ 2024ರಲ್ಲಿ, ಹೆಬ್ಬಕ ಪಕ್ಷಿಗಳ ರಕ್ಷಣೆಗೆ ಸಂಬಂಧಿಸಿದ ಬೇರೊಂದು ಪ್ರಕರಣದಲ್ಲಿ, ವಾಯುಗುಣ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ನಾಗರಿಕರ ಹಕ್ಕು ಎಂದು ಭಾರತದ ಸುಪ್ರೀಂ ಕೋರ್ಟು ಹೇಳಿತು.

ಬೆನ್ನು ತಟ್ಟುವುದೂ ತಿದ್ದುವುದೂ

ಬೆಂಬಲ ಎಂದರೆ ಹೌದು ಹೌದು ಎನ್ನುವುದಷ್ಟೇ ಎಂದು ನೀವು ತಿಳಿದಿದ್ದರೆ, ಇನ್ನೊಂದು ಘಟನೆ ಕೇಳಿ. 2018ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ವಾಯುಗುಣ ಸಮಿತಿ ಒಂದು ವರದಿ ಕೊಟ್ಟಿತು. ಭೂತಾಪದ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಬೇಕಾದರೆ 2010ರ ಮಟ್ಟಕ್ಕೆ ಹೋಲಿಸಿ 2030ರ ಹೊತ್ತಿಗೆ ಇಂಗಾಲದ ಡೈ ಆಕ್ಸೈಡಿನ ಉಗುಳುವಿಕೆ ಸುಮಾರು ಶೇಕಡಾ 45ರಷ್ಟು ಇಳಿಯಬೇಕು, 2050ರ ಸುಮಾರಿಗೆ ನಿವ್ವಳ ಸೊನ್ನೆ ಮುಟ್ಟಬೇಕು ಎಂದು ಅದರಲ್ಲಿತ್ತು. ಬೀದಿಗೆ ಬರುವ ಹೊತ್ತಿಗೆ ಇದು 'ಇನ್ನು ಉಳಿದಿರುವುದು 12 ವರ್ಷ' ಎಂಬ ಘೋಷಣೆಯಾಯಿತು. 12 ವರ್ಷ ಮುಗಿದ ಮರುದಿನ ಪ್ರಳಯ ಎಂದು ಮಕ್ಕಳು ನಂಬತೊಡಗಿದರು. ಆಗ ಆ ವರದಿಯ ಲೇಖಕರಲ್ಲಿ ಒಬ್ಬರಾದ ಆಕ್ಸ್‌ಫರ್ಡಿನ ಮೈಲ್ಸ್ ಆಲೆನ್, 2019ರ ಏಪ್ರಿಲಿನಲ್ಲೇ, ಈ ಘೋಷಣೆಯ ಬಗ್ಗೆ ಎಚ್ಚರವಿರಲಿ ಎಂದು ಬಹಿರಂಗವಾಗಿ ಬರೆದರು. 2030 ಎಂಬುದು ಪ್ರಪಾತದ ಅಂಚಲ್ಲ. ಪ್ರತಿ ವರ್ಷದ ವಿಳಂಬಕ್ಕೂ ಬೆಲೆಯುಂಟು, ಪ್ರತಿ ವರ್ಷದ ಪ್ರಯತ್ನಕ್ಕೂ ಫಲವುಂಟು.

ನನ್ನ ಮಟ್ಟಿಗೆ, ಸಾವಿರಾರು ಸಹಿಗಳಿಗಿಂತ ಈ ಒಂದು ತಿದ್ದುಪಡಿಯೇ ಹೆಚ್ಚಿನ ಸಹಾಯ. ಹೆದರಿದ ಮಗು ನಿದ್ದೆಗೆಡುತ್ತದೆ. ಅದರ ಮೇಲೆ ಗಡುವು ಮುಗಿದು ಪ್ರಳಯ ಬಾರದಿದ್ದರೆ ಜನ ಇಡೀ ವಿಷಯವನ್ನೇ ಸುಳ್ಳೆನ್ನುತ್ತಾರೆ. ಗ್ರೇಟಾ ಕೂಡ ಈ ಸೂಕ್ಷ್ಮವನ್ನು ಅರಿತಂತಿತ್ತು. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಸತ್ ಸಮಿತಿ ಕರೆದಾಗ ಆಕೆ ಉದ್ದ ಭಾಷಣವನ್ನೇನೂ ಕೊಡದೆ, ಇದೇ 1.5 ಡಿಗ್ರಿ ವರದಿಯನ್ನು ತನ್ನ ಹೇಳಿಕೆಯೆಂದು ಸಲ್ಲಿಸಿ, ವಿಜ್ಞಾನಿಗಳ ಮಾತು ಕೇಳಿ ಎಂದಳು.

ನಮ್ಮ ಬರ ಯಾರ ಬರ?

ಈಗ ಸಿದ್ದರಬೆಟ್ಟದ ಸೀಮೆಗೇ ಬರೋಣ. ಇಲ್ಲಿ ಆ ತಿದ್ದುಪಡಿಯ ಅಗತ್ಯ ಇನ್ನೂ ಹೆಚ್ಚು.

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಇದು ವಾಯುಗುಣ ಬದಲಾವಣೆಯ ಫಲ ಎಂದು ಫಲಕ ಬರೆದು ಮಧುಗಿರಿಯ ಬಸ್ ನಿಲ್ದಾಣದಲ್ಲಿ ನಿಂತರೆ ಅದು ಸರಿಯೇ? ಅಜ್ಜಂದಿರು ಕೇಳಿಯಾರು: "ಧಾತು ಈಶ್ವರದ ಬರ ಬಂದಾಗ ಯಾವ ಕಾರ್ಖಾನೆಯ ಹೊಗೆ ಇತ್ತಪ್ಪ?" ನ್ಯಾಯವಾದ ಪ್ರಶ್ನೆ. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನದಲ್ಲಿ ಜನ ಲಕ್ಷಗಟ್ಟಲೆ ಸತ್ತರು. ಆಗ ವಾತಾವರಣದಲ್ಲಿ ಇಂಗಾಲದ ಡೈ ಆಕ್ಸೈಡ್ ಈಗಿನಷ್ಟಿರಲಿಲ್ಲ. ಇದ್ದದ್ದು ಪೆಸಿಫಿಕ್ ಸಾಗರದ ನೀರು ಅಸಹಜವಾಗಿ ಬಿಸಿಯಾಗುವ ಎಲ್ ನಿನೋ, ಜೊತೆಗೆ ಧಾನ್ಯ ಇದ್ದರೂ ಹಸಿದವರ ಕೈಗೆ ಎಟುಕದ ಆಡಳಿತ. 2023 ಕೂಡ ಎಲ್ ನಿನೋ ವರ್ಷವೇ. ಅಂದರೆ ಈ ಸೀಮೆಗೆ ಬರ ಹಳೆಯ ನೆಂಟ. ಊರೂರಿಗೆ ಕೆರೆ ಕಟ್ಟಿಸಿದ ಹಿರಿಯರಿಗೆ ಅದು ತಿಳಿದಿತ್ತು.

ಹಾಗಾದರೆ ಹೊಸತೇನು? ಇಲ್ಲಿ ವಿಜ್ಞಾನಿ ನೆರವಿಗೆ ಬರಬೇಕು. 1958ರಲ್ಲಿ ಹವಾಯಿ ದ್ವೀಪದ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 315 ಭಾಗವಿತ್ತು. ಈಗ ಅದು 420ನ್ನು ದಾಟಿದೆ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಹಿಡಿದದ್ದನ್ನು ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ನಡುವಿನ ಒಣ ದಿನಗಳಲ್ಲಿ ಅದೇ ಬಿಸಿ ಹೊಲದ ತೇವವನ್ನು ಬೇಗ ಹೀರುತ್ತದೆ. ವರ್ಷದ ಒಟ್ಟು ಮಳೆ ಹಾಗೆಯೇ ಇದ್ದರೂ ಕಡಲೆಕಾಯಿ ಗಿಡಕ್ಕೆ ಬೇಕಾದ ವಾರದಲ್ಲಿ ಹನಿ ಇಲ್ಲದೆ, ಬೇಡವಾದ ವಾರದಲ್ಲಿ ಹೊಲ ಕೊಚ್ಚಿಹೋಗುವಂತೆ ಬೀಳಬಹುದು. ಆದ್ದರಿಂದ ಬಸ್ ನಿಲ್ದಾಣದ ಫಲಕದ ಮೇಲೆ 'ಈ ಬರಕ್ಕೆ ವಾಯುಗುಣ ಬದಲಾವಣೆಯೇ ಕಾರಣ' ಎಂಬುದರ ಬದಲು, 'ಬರದ ಸೀಮೆಗೆ ಇನ್ನಷ್ಟು ಬಿಸಿ ಸೇರುತ್ತಿದೆ, ಕೆರೆಗಳು ಸಿದ್ಧವಿವೆಯೇ?' ಎಂದಿದ್ದರೆ ಅಜ್ಜನೂ ತಲೆದೂಗುತ್ತಾನೆ.

ಇಂಥ ಲೆಕ್ಕವನ್ನು ರೈತರ ಹೊಲದ ಮಟ್ಟಕ್ಕೆ ತಂದವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾನ್ಸೂನ್ ತಜ್ಞೆ ಸುಲೋಚನಾ ಗಾಡ್ಗೀಳರು, ಪಿ. ಆರ್. ಶೇಷಗಿರಿರಾವ್ ಮೊದಲಾದವರೊಂದಿಗೆ, ಪಾವಗಡಕ್ಕೆ ಹೊಂದಿಕೊಂಡಿರುವ ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿಯ ಮೇಲೆ 1990ರ ದಶಕದಲ್ಲಿ ಕೆಲಸ ಮಾಡಿದರು. ದಶಕಗಳ ಮಳೆಯ ದಾಖಲೆಯನ್ನು ಬೆಳೆಯ ಗಣಿತ ಮಾದರಿಯೊಂದಿಗೆ ಇಟ್ಟು, ಯಾವ ವಾರ ಬಿತ್ತಿದರೆ ಬೆಳೆ ಕೈಕೊಡುವ ಸಂಭವ ಕಡಿಮೆ ಎಂದು ನೋಡಿದರು. ಅವರ ದಾರಿಯ ವಿಶೇಷವೆಂದರೆ ಪ್ರಶ್ನೆ ರೈತನಿಂದ ಬರಬೇಕು ಎಂಬುದು. ಆರಿದ್ರೆಗೆ ಬಿತ್ತಲೋ, ಪುನರ್ವಸು ಕಾಯಲೋ ಎಂಬ ಪ್ರಶ್ನೆಗೆ ವಿಜ್ಞಾನಿ ಮೊದಲು ಕಿವಿಗೊಡಬೇಕು, ಆಮೇಲೆ ಲೆಕ್ಕ. ವಿದ್ಯಾರ್ಥಿಗಳ ಪ್ರಶ್ನೆಗೂ ಇದೇ ಕ್ರಮ ಒಪ್ಪುತ್ತದೆ.

ಪಾವಗಡದ ಸೌರ ಉದ್ಯಾನ ಇನ್ನೊಂದು ಕಠಿಣ ಉದಾಹರಣೆ. 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಇದು ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಸಾಮರ್ಥ್ಯ 2,050 ಮೆಗಾವಾಟ್. ರಾತ್ರಿ, ಮೋಡ, ಬೆಳಗು ಸಂಜೆಗಳನ್ನು ಕಳೆದರೆ ವರ್ಷದ ಸರಾಸರಿ ಉತ್ಪಾದನೆ ಇದರ ಐದನೆಯ ಒಂದು ಭಾಗದ ಆಸುಪಾಸು. ಆದರೂ ಕಲ್ಲಿದ್ದಲು ಸುಡದೆ ಬರುವ ವಿದ್ಯುತ್ತು, ಸಣ್ಣ ಸಂಗತಿಯಲ್ಲ. ಭೂಮಿಯನ್ನು ಸರ್ಕಾರ ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ ಎಂಬ ಒಪ್ಪಂದದ ಮೇಲೆ ಗುತ್ತಿಗೆಗೆ ಪಡೆಯಿತು. ಸತತ ಬರ ಕಂಡ ಜಮೀನುದಾರನಿಗೆ ಇದು ಮಳೆಯನ್ನು ನೆಚ್ಚದ ಆದಾಯ. ಜಮೀನೇ ಇಲ್ಲದ ಕೂಲಿಗಾರನಿಗೆ? ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೆ? ಗುತ್ತಿಗೆ ಹಣ ಅವರ ಕೈಗೆ ಬರುವುದಿಲ್ಲ. ಸೌರಶಕ್ತಿ ಒಳ್ಳೆಯದು ಎಂದು ಜೈಕಾರ ಹಾಕಿ ಹೊರಡುವ ವಿಜ್ಞಾನಿಯಿಂದ ಪಾವಗಡದ ವಿದ್ಯಾರ್ಥಿಗೆ ಅರ್ಧ ಸಹಾಯ ಮಾತ್ರ ಆದೀತು. ಫಲಕಗಳ ಕೆಳಗೆ ಕುರಿ ಮೇಯಬಹುದೇ, ತೊಳೆಯಲು ಎಷ್ಟು ನೀರು ಬೇಕು, ಆ ನೀರು ಎಲ್ಲಿಂದ ಬರಬೇಕು ಎಂಬುದನ್ನು ಅಳೆದು ಹೇಳುವವನು ಬೇಕು.

ಕರ್ನಾಟಕದ ಹಳೆಯ ಪಾಠಗಳು

ಯುವಜನರ ಜೊತೆ ವಿಜ್ಞಾನಿ ನಿಲ್ಲುವುದು ಸ್ವೀಡನ್ನಿನಿಂದ ಬಂದ ಹೊಸ ಪದ್ಧತಿಯೇನಲ್ಲ. 1980ರ ಸುಮಾರಿನಲ್ಲಿ ಉತ್ತರ ಕನ್ನಡದ ಬೇಡ್ತಿ ಜಲವಿದ್ಯುತ್ ಯೋಜನೆಯ ಪ್ರಶ್ನೆ ಎದ್ದಾಗ ಶಿರಸಿಯ ತೋಟಿಗರು ವಿಜ್ಞಾನಿಗಳನ್ನು ಕರೆಸಿ, ಮುಳುಗುವ ಕಾಡು ತೋಟಗಳ ಬೆಲೆಯನ್ನೂ ಬರುವ ವಿದ್ಯುತ್ತಿನ ಬೆಲೆಯನ್ನೂ ತಾಳೆ ನೋಡಿದರು. ಯೋಜನೆಯನ್ನು ಆಗ ಕೈಬಿಡಲಾಯಿತು. 1983ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಆರಂಭವಾಯಿತು. ಅದನ್ನು ಕಟ್ಟಿದ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಸಣ್ಣ ಊರುಗಳ ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ಜೀವವೈವಿಧ್ಯದ ದಾಖಲಾತಿಗೆ ಕೈಹಾಕಿದರು. ಕಾರ್ಕಳ ತಾಲ್ಲೂಕಿನ ಮಾಳ ಗ್ರಾಮದಂಥ ಕಡೆ ಊರಿನ ಗಿಡ, ಹಕ್ಕಿ, ಮೀನು, ಅವುಗಳ ಬಗೆಗಿನ ಜನರ ತಿಳಿವಳಿಕೆ ಎಲ್ಲವೂ ದಾಖಲಾತಿಗೆ ಬಂದವು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಇಂಥ ದಾಖಲಾತಿ ಈಗ ಪ್ರತಿ ಪಂಚಾಯಿತಿಯಲ್ಲೂ ಇರಬೇಕು. ಸಿದ್ದರಬೆಟ್ಟದ ಗಿಡಮೂಲಿಕೆಗಳ ಮಾತನ್ನು ನಾವೆಲ್ಲ ಆಡುತ್ತೇವೆ. ಅಲ್ಲಿನ ಪಂಚಾಯಿತಿಯ ದಾಖಲಾತಿಯನ್ನು ತೆರೆದು ನೋಡಿದವರು ನಿಮ್ಮಲ್ಲಿ ಎಷ್ಟು ಜನ?

ನಮ್ಮ ಸೀಮೆಯದೇ ಇನ್ನೊಂದು ಉದಾಹರಣೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯದು. ಅಲ್ಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿರುವುದು ಊರಿನವರಿಗೆ ಗೊತ್ತಿತ್ತು, ಹೊರಗಿನವರಿಗೆ ಗೊತ್ತಿರಲಿಲ್ಲ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಆಸಕ್ತರು ಹೋಗಿ ನೋಡಿ, ಎಣಿಸಿ, ಬರೆದಿಟ್ಟರು, ರಕ್ಷಣೆಗಾಗಿ ಒತ್ತಾಯಿಸಿದರು. 2007ರಲ್ಲಿ ಸುಮಾರು 798 ಎಕರೆ ಪ್ರದೇಶ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಅಲ್ಲಿ ಘೋಷಣೆಗಿಂತ ಮೊದಲು ಎಣಿಕೆ ಇತ್ತು ಎಂಬುದನ್ನು ಗಮನಿಸಿ.

ವಿಜ್ಞಾನಿಗಳೆಲ್ಲ ಒಂದೇ ಕಡೆ ಇರುತ್ತಾರೆ ಎಂದೂ ತಿಳಿಯಬೇಡಿ. ಕೈಗಾ ಅಣು ವಿದ್ಯುತ್ ಸ್ಥಾವರದ ವಿಚಾರದಲ್ಲಿ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೇ ನಿಂತರು; ಅತ್ತ ರಾಜಾ ರಾಮಣ್ಣನವರಂಥ ದೊಡ್ಡ ವಿಜ್ಞಾನಿ ಅಣುಶಕ್ತಿಯ ಪರವಾಗಿದ್ದರು. ಭೂಮಿ ಬಿಸಿಯಾಗುತ್ತಿದೆಯೇ ಎಂಬುದು ಅಳತೆಯ ಪ್ರಶ್ನೆ, ಅದರಲ್ಲಿ ಈಗ ವಿಜ್ಞಾನಿಗಳಲ್ಲಿ ಜಗಳವಿಲ್ಲ. ಅದಕ್ಕೆ ಅಣುಸ್ಥಾವರ ಬೇಕೇ, ಅಣೆಕಟ್ಟು ಬೇಕೇ, ಬಳಕೆಯನ್ನೇ ತಗ್ಗಿಸಬೇಕೇ ಎಂಬುದು ಅಳತೆಯ ಜೊತೆಗೆ ನ್ಯಾಯಾನ್ಯಾಯಗಳ ಪ್ರಶ್ನೆಯೂ ಹೌದು. ಎರಡನೆಯದಕ್ಕೆ ಉತ್ತರ ಹೇಳುವಾಗ ವಿಜ್ಞಾನಿಯ ಮಾತಿಗೆ ಒಬ್ಬ ತಿಳಿದ ನಾಗರಿಕನ ತೂಕವಿದೆ, ಅದಕ್ಕಿಂತ ಹೆಚ್ಚಿಲ್ಲ. ಒಳ್ಳೆಯ ವಿಜ್ಞಾನಿ ತಾನು ಯಾವ ಟೋಪಿ ಹಾಕಿಕೊಂಡು ಮಾತಾಡುತ್ತಿದ್ದೇನೆಂದು ತಾನೇ ಹೇಳುತ್ತಾನೆ. ಹೇಳದಿದ್ದರೆ ನೀವು ಕೇಳಿ.

ಮೌನಕ್ಕೂ ಕಾರಣಗಳಿವೆ

ನಿಮ್ಮ ಊರಿನ ಕೃಷಿ ವಿಜ್ಞಾನಿ, ಭೂಗರ್ಭ ತಜ್ಞ ಇಂಥ ವಿಷಯದಲ್ಲಿ ಬಾಯಿ ಬಿಡದಿದ್ದರೆ ಅಂಜುಬುರುಕ ಎಂದು ಕೂಡಲೇ ತೀರ್ಮಾನಿಸಬೇಡಿ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 9ನೆಯ ನಿಯಮ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸದಂತೆ ತಡೆಯುತ್ತದೆ. ಶುದ್ಧ ವೈಜ್ಞಾನಿಕ ಬರವಣಿಗೆಗೆ ಅವಕಾಶವಿದೆ. ಆದರೆ ವಿಜ್ಞಾನ ಎಲ್ಲಿ ಮುಗಿದು ಟೀಕೆ ಎಲ್ಲಿ ಆರಂಭವಾಗುತ್ತದೆ ಎಂದು ತೀರ್ಮಾನಿಸುವವರು ಮೇಲಧಿಕಾರಿಗಳು. ನೌಕರಿಯಲ್ಲಿರುವವರು ಹಿಂಜರಿಯುವುದು ಸಹಜ. ಪರಿಣಾಮವಾಗಿ ನಿವೃತ್ತರು ಮಾತಾಡುತ್ತಾರೆ, ಹಾಲಿ ಕೆಲಸದಲ್ಲಿರುವವರು ಅಂಕಿ ಅಂಶ ಮಾತ್ರ ಕೊಡುತ್ತಾರೆ. ಅಂಕಿ ಅಂಶ ಕೊಡುವುದೂ ಬೆಂಬಲವೇ ಎಂಬುದು ನನ್ನ ಎಣಿಕೆ.

ಯುವಜನರಿಗಿರುವ ಅಪಾಯ ಇದಕ್ಕಿಂತ ದೊಡ್ಡದು. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ಅಧಿಸೂಚನೆಯ ವಿರುದ್ಧ ಸಚಿವರಿಗೆ ಇ-ಮೇಲ್ ಕಳಿಸುವ ಚಳವಳಿ ನಡೆಸಿದ ವಿದ್ಯಾರ್ಥಿ ಗುಂಪೊಂದರ ಜಾಲತಾಣ ಕೆಲಕಾಲ ಬಂದ್ ಆಯಿತು. 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ದಿಶಾ ರವಿಯನ್ನು, ರೈತ ಚಳವಳಿಗೆ ಸಂಬಂಧಿಸಿದ ದಾಖಲೆಯೊಂದರ ವಿಚಾರದಲ್ಲಿ ದೆಹಲಿ ಪೊಲೀಸರು ಬಂಧಿಸಿದರು. ಹತ್ತು ದಿನದ ಮೇಲೆ ನ್ಯಾಯಾಲಯ ಜಾಮೀನು ಕೊಟ್ಟಿತು. ಇವನ್ನು ಹೆದರಿಸಲು ಹೇಳುತ್ತಿಲ್ಲ. ಮಕ್ಕಳನ್ನು ಮುಂದೆ ಬಿಟ್ಟು ಹಿಂದಿನಿಂದ ಚಪ್ಪಾಳೆ ತಟ್ಟುವ ಹಿರಿಯರು ನೆನಪಿಡಬೇಕೆಂದು ಹೇಳುತ್ತಿದ್ದೇನೆ.

ಅದೇ ಕರಡಿನ ವಿಷಯದಲ್ಲಿ ಕನ್ನಡದವರಿಗೆ ಮುಖ್ಯವಾದ ಒಂದು ಸಂಗತಿ ನಡೆಯಿತು. ಜನಾಭಿಪ್ರಾಯ ಕೇಳಿದ ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟು ಜೂನ್ 30ರಂದು ಆದೇಶಿಸಿತು. ಬೆಂಗಳೂರಿನ ಯುನೈಟೆಡ್ ಕನ್ಸರ್ವೇಷನ್ ಮೂವ್‌ಮೆಂಟ್ ಸಲ್ಲಿಸಿದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು ಆಗಸ್ಟಿನಲ್ಲಿ, ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಪಾವಗಡದ ಹುಡುಗನಿಗೆ ಅರ್ಥವಾಗದ ಭಾಷೆಯಲ್ಲಿ ಅವನ ಅಭಿಪ್ರಾಯ ಕೇಳುವುದು ಎಂಥ ಕೇಳುವಿಕೆ? ನಮ್ಮ ವಿಜ್ಞಾನಿಗಳು ಬೀದಿಗೆ ಬರಲಾಗದಿದ್ದರೂ ಕನ್ನಡದಲ್ಲಿ ಬರೆಯಬಹುದು. ನಾಗೇಶ ಹೆಗಡೆಯವರ 'ಇರುವುದೊಂದೇ ಭೂಮಿ' ಓದಿ ಪರಿಸರದ ಕಡೆಗೆ ತಿರುಗಿದ ಒಂದು ಪೀಳಿಗೆಯೇ ಇಲ್ಲಿದೆ.

ಶಾಲೆ ಬಿಟ್ಟು ಮುಷ್ಕರ ಮಾಡುವ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಸ್ಟಾಕ್‌ಹೋಮಿನ ಹುಡುಗಿಯ ಶುಕ್ರವಾರ ಬೇರೆ, ಮೂರು ಕಿಲೋಮೀಟರು ನಡೆದು ಬಂದು ಒಂದೇ ಬಸ್ಸು ಹಿಡಿಯುವ ಕೊರಟಗೆರೆಯ ಹುಡುಗಿಯ ಶುಕ್ರವಾರ ಬೇರೆ. ಶೇಕಡಾ 75ರ ಹಾಜರಿ ತಪ್ಪಿದರೆ ಪರೀಕ್ಷೆ ತಪ್ಪುತ್ತದೆ, ಪರೀಕ್ಷೆ ತಪ್ಪಿದರೆ ಮನೆಯಲ್ಲಿ ಮದುವೆಯ ಮಾತು ಏಳುತ್ತದೆ. ವರ್ಷಕ್ಕೆ ತಲೆಗೆ ಸುಮಾರು 2 ಟನ್ ಇಂಗಾಲದ ಡೈ ಆಕ್ಸೈಡ್ ಉಗುಳುವ ದೇಶದ ಬಡ ಮನೆಯ ಮಗಳು, 14 ಟನ್ ಉಗುಳುವ ಅಮೆರಿಕದ ಮಗುವಿನಷ್ಟೇ ಬೆಲೆ ತೆರಬೇಕೆಂದು ಕೇಳುವುದು ಅನ್ಯಾಯ. ಅವಳು ಶಾಲೆಯಲ್ಲಿ ಕುಳಿತೇ ಪ್ರಶ್ನೆ ಕೇಳುವ ದಾರಿಗಳಿವೆ.

1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಅಂಥದೊಂದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಮ್ಮಲ್ಲಿ ಇದನ್ನು ಬೆಳೆಸಿತು. 10ರಿಂದ 17 ವರ್ಷದವರು ತಮ್ಮ ಊರಿನ ಸಮಸ್ಯೆಯನ್ನೇ ಅಧ್ಯಯನಕ್ಕೆ ಆರಿಸಿಕೊಂಡು, ತಜ್ಞರ ಮುಂದೆ ತಮ್ಮ ಭಾಷೆಯಲ್ಲೇ ಮಂಡಿಸಬಹುದು. ಇನ್ನು ಮಳೆಯ ಅಂಕಿಗಳು ಬೇಕೆಂದರೆ, 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿಗಳಲ್ಲಿ ಇರಿಸಿದೆ. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ ಎಂದು ಹುಡುಕಿ. ಅದರ ಪಕ್ಕದಲ್ಲಿ ಮರ ಬೆಳೆದು ಮಳೆಗೆ ಅಡ್ಡವಾಗಿದ್ದರೆ ಅದೇ ನಿಮ್ಮ ಮೊದಲ ದೂರು.

ವಿಜ್ಞಾನಿಗೆ ಪತ್ರ ಬರೆಯುವಾಗ 'ವಾಯುಗುಣ ಬದಲಾವಣೆ ಕುರಿತು ಮಾಹಿತಿ ಕೊಡಿ' ಎಂದು ಬರೆಯಬೇಡಿ. ಅದಕ್ಕೆ ಉತ್ತರ ಬರುವುದಿಲ್ಲ, ಬಂದರೂ ಅಚ್ಚಾದ ಕರಪತ್ರವೊಂದು ಬಂದೀತು. 'ನಮ್ಮ ಹೋಬಳಿಯಲ್ಲಿ ಜುಲೈ ತಿಂಗಳ ಒಣ ದಿನಗಳು ಹೆಚ್ಚಾಗಿವೆಯೇ? ನಾವು ಎರಡು ವರ್ಷ ಅಳೆದ ಪಟ್ಟಿ ಇದರೊಂದಿಗಿದೆ' ಎಂದು ಬರೆದು ನೋಡಿ. ಅಳೆದು ಕಳಿಸಿದ ಪಟ್ಟಿಯನ್ನು ಬದಿಗಿಡಲು ವಿಜ್ಞಾನಿಗೆ ಮನಸ್ಸು ಬರುವುದಿಲ್ಲ. ಮಳೆಮಾಪಕವನ್ನು ಶಾಲೆಯ ಬಯಲಿನಲ್ಲಿ, ಗೋಡೆ ಮರಗಳಿಂದ ದೂರ ಇಡಿ. ಹವಾಮಾನ ಇಲಾಖೆಯವರಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೋಡಿ. ಮಳೆ ಬಾರದ ದಿನವೂ ತಪ್ಪದೆ ಸೊನ್ನೆ ಎಂದು ಬರೆಯಿರಿ. ಖಾಲಿ ಬಿಟ್ಟರೆ, ಆ ದಿನ ಮಳೆ ಬರಲಿಲ್ಲವೋ, ಬರೆಯಬೇಕಾದವರು ಬರಲಿಲ್ಲವೋ ಎಂದು ಮುಂದೆ ನೋಡುವವರಿಗೆ ತಿಳಿಯುವುದಿಲ್ಲ.